ಸ್ಟೇಷನ್ ಮಾಸ್ಟರನ ಗಂಟಲು

“ಎಲ್ಲಾ ಅದರಲ್ಲೇ ಸಿಗುತ್ತೆ” ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳಿಕೊಂಡು ತಿರುಗಿದವರಲ್ಲಿ ನಾನೇ ಮೊದಲಿಗ. ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವುದು ನನ್ನ ಕೆಲಸ. ಏಣಿ ಹೆಗಲಿಗೇರಿಸಿಕೊಂಡು ಹೋಗಿ, ಗೋಡೆಗೆ ತೂತು ಕೊರೆದು, ಡಬ್ಬಿಯ ಹಸಿರು ದೀಪ ಹತ್ತಿದ ಕೂಡಲೇ, “ಇನ್ನು ಆ ಡಿಸ್ಕು, ಪ್ಲೇಯರು ಎಲ್ಲಾ ಗುಜರಿಗೆ ಹಾಕಿ ಸಾರ್” ಎಂದು ಪುಕ್ಕಟೆ ಬುದ್ಧಿ ಹೇಳಿ, ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಈಗ ಸಹಿ ಮಾತ್ರ ಹಾಕಿಸಿಕೊಳ್ಳುತ್ತೇನೆ.

ಹೇಳಹೊರಟಿರುವುದು ನನ್ನ ಸೋದರತ್ತೆಯ ವಿಷಯ. ಅತ್ತೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. “ಉಸಿರು ಹಿಡ್ಕೊಳ್ಳಿ, ಅಲ್ಲಾಡ್ಬೇಡಿ” ಎಂದು ರೋಗಿಗಳನ್ನು ಗದರಿಸಿ ಗದರಿಸಿ ಮನೆಯಲ್ಲೂ ಅದೇ ಗತ್ತು ಬಂದುಬಿಟ್ಟಿತ್ತು. ಟೀ ಕುಡಿಯಲು ಕರೆದರೂ ನಾವೆಲ್ಲ ಒಂದು ಗಳಿಗೆ ಉಸಿರು ಹಿಡಿಯುತ್ತಿದ್ದೆವು. ಒಬ್ಬರ ಫಿಲ್ಮು ಇನ್ನೊಬ್ಬರ ಕವರಿಗೆ ಸೇರುವುದು ಅವಳ ವಿಭಾಗದಲ್ಲಿ ಮಹಾಪರಾಧ. ಹೊಸಬರು ಯಾರೇ ಬರಲಿ, ಮೊದಲ ದಿನವೇ “ಕವರ್ ಮೇಲೆ ಬರ್ದಿದ್ದನ್ನ ನಂಬ್ಬೇಡಿ, ಫಿಲ್ಮ್ ಆಚೆ ತೆಗ್ದು ನೋಡಿ” ಎಂದು ಪಾಠ ಮಾಡುತ್ತಿದ್ದಳು. ಆ ಪಾಠವನ್ನು ನಾನೂ ನೂರು ಸಲ ಕೇಳಿದ್ದೆ. ಕೇಳಿದ್ದು ತಲೆಗೆ ಹೋಗಿರಲಿಲ್ಲ, ಅಷ್ಟೇ.

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಸಿನಿಮಾಗಳಿಗೆ ಧ್ವನಿ ಕೊಡುತ್ತಿದ್ದರು. ನಾಯಕನಿಗಲ್ಲ, ಖಳನಾಯಕನಿಗೂ ಅಲ್ಲ. ತೆರೆಯ ಮೇಲೆ ಅರ್ಧ ನಿಮಿಷ ಬಂದು ಹೋಗುವವರು ಇರುತ್ತಾರಲ್ಲ, ಆಪರೇಷನ್ ಕೋಣೆಯಿಂದ ಹೊರಗೆ ಬಂದು ಕನ್ನಡಕ ತೆಗೆಯುವ ಡಾಕ್ಟರು, ಬಾಗಿಲು ಬಡಿಯುವ ಪೊಲೀಸಿನವನು, ಕೆಟ್ಟ ಸುದ್ದಿ ತರುವ ಅಂಚೆಯವನು, ಅಂಥವರಿಗೆ. ಒಂದೇ ಚಿತ್ರದಲ್ಲಿ ಇಬ್ಬರು ಸತ್ತು ಮೂವರು ಅಳುವ ಕಡೆ ಐದೂ ಗಂಟಲು ಮಾವನದೇ ಆಗಿದ್ದದ್ದುಂಟು. ಅವರ ಹೆಸರು ಮಾತ್ರ ಒಂದು ಚಿತ್ರದಲ್ಲೂ ಬರಲಿಲ್ಲ.

ಒಂದೇ ಒಂದು ಸಲ ಅವರಿಗೆ ತುಸು ದೊಡ್ಡ ಪಾತ್ರ ಸಿಕ್ಕಿತ್ತು. ಒಬ್ಬ ಸ್ಟೇಷನ್ ಮಾಸ್ಟರ್. ಜನಜಂಗುಳಿಯಲ್ಲಿ ಅಪ್ಪನ ಕೈ ತಪ್ಪಿಸಿಕೊಂಡ ಹೆಣ್ಣುಮಗುವೊಂದನ್ನು ಬೆಂಚಿನ ಮೇಲೆ ಕೂರಿಸಿಕೊಂಡು ನಾಲ್ಕು ನಿಮಿಷ ಸಮಾಧಾನ ಹೇಳುತ್ತಾನೆ. “ಬರ್ತಾರೆ ಪುಟ್ಟಿ, ಬಂದೇ ಬರ್ತಾರೆ. ರೈಲು ತಡ ಆಗ್ಬಹುದು, ಅಪ್ಪ ತಡ ಆಗ್ಬಹುದು. ಬರ್ದೇ ಮಾತ್ರ ಇರಲ್ಲ.” ಬರೆದುಕೊಟ್ಟಿದ್ದ ಮಾತಿನಲ್ಲಿ ‘ಮಗು’ ಎಂದಿತ್ತಂತೆ. ಮಾವ ಮನೆಯಲ್ಲಿ ತಮ್ಮ ಮಗಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು, ಬಾಯಿಗೆ ಅದೇ ಬಂತು. ನಿರ್ದೇಶಕ ತಲೆಯಾಡಿಸಿ ಹಾಗೇ ಇರಲಿ ಎಂದನಂತೆ. ಆ ಶಬ್ದ ಹೇಳುವಾಗ ಅವರ ಒರಟು ಗಂಟಲು ಒಂದಿಷ್ಟು ಒಡೆಯುತ್ತದೆ.

ಪುಟ್ಟಿಗೆ ಮೂರು ವರ್ಷವಾಗಿದ್ದಾಗ ಮಾವ ಸ್ಟುಡಿಯೋದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮನೆಯಲ್ಲಿ ಅವರ ಫೋಟೋಗಳಿದ್ದವು, ಅಂಗಿಗಳಿದ್ದವು, ಧ್ವನಿ ಇರಲಿಲ್ಲ. ಒಂದು ಹಾಡು ಹೇಳಿ, ರೆಕಾರ್ಡ್ ಮಾಡಿಕೊಳ್ಳೋಣ ಎಂದರೆ “ಪುಕ್ಕಟೆ ಗಂಟಲು ಬಿಚ್ಚೋಕೆ ನಂಗೇನು ತಲೆ ಕೆಟ್ಟಿದ್ಯಾ” ಎಂದು ನಗುತ್ತಿದ್ದವರು. ಅವರ ಧ್ವನಿ ಉಳಿದದ್ದು ಬೇರೆಯವರ ಬಾಯಿಗಳಲ್ಲಿ ಮಾತ್ರ.

ಡಿಸ್ಕುಗಳು ಬಂದ ಕಾಲಕ್ಕೆ ಅತ್ತೆ ಆ ಬಾಯಿಗಳನ್ನು ಹುಡುಕಲು ಶುರುಮಾಡಿದಳು. ಮಾವ ಯಾವ ಯಾವ ಚಿತ್ರಕ್ಕೆ ಹೋಗಿದ್ದರು ಎಂಬುದಕ್ಕೆ ಲೆಕ್ಕವಿಲ್ಲ. ಅವರು ಧ್ವನಿ ಕೊಡುತ್ತಿದ್ದ ಹತ್ತು ವರ್ಷದಲ್ಲಿ ಬಂದದ್ದನ್ನೆಲ್ಲ ಕೊಳ್ಳುವುದು, ಕಿವಿಯನ್ನು ಟಿವಿಗೆ ಒತ್ತಿಕೊಂಡು ಕೇಳುವುದು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. “ಇದು! ಇದು ಅವರೇ!” ಎಂದು ಅವಳು ಕೂಗಿದರೆ, ತೆರೆಯ ಮೇಲೆ ಯಾವನೋ ಬೋಳುತಲೆಯವನು ವಿಲ್ ಓದುತ್ತಿರುತ್ತಿದ್ದ. ಹೀಗೆ ಸಿಕ್ಕಿದ್ದು ಇಪ್ಪತ್ತಮೂರು ಚಿತ್ರ. ಅವನ್ನು ಹುಡುಕುವ ನೆಪದಲ್ಲಿ ಬಂದು ಸೇರಿದ್ದು ಸಾವಿರದ ಮುನ್ನೂರು. ಮಹಡಿಯ ಮೇಲಿನ ಅವಳ ಎರಡು ಕೋಣೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ. ಡಿಸ್ಕಿನ ಅಂಚು ಮಾತ್ರ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಎಕ್ಸ್‌ರೇ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಗೀರು ಹುಡುಕುತ್ತಿದ್ದಳು. ಬೆರಳಚ್ಚು ಕಂಡರೆ ನನ್ನ ಗತಿ ಮುಗಿಯಿತು.

ಪುಟ್ಟಿ ಮಾತ್ರ ಅಪ್ಪನ ಧ್ವನಿ ಕೇಳಲು ಒಲ್ಲಳು. ಚಿಕ್ಕವಳಿದ್ದಾಗ ಅತ್ತೆ ಡಿಸ್ಕು ಹಾಕಿದರೆ ಕಿವಿ ಮುಚ್ಚಿಕೊಂಡು ಆಚೆ ಓಡುತ್ತಿದ್ದಳು. “ಅದು ಅಪ್ಪ ಅಲ್ಲ, ಯಾರೋ ಮಾಮ” ಎಂದು ಅಳುತ್ತಿದ್ದಳು. ಅತ್ತೆ ಬಲವಂತ ಮಾಡಲಿಲ್ಲ. “ಬಿಡು, ಎಲ್ಲಿಗೆ ಹೋಗುತ್ತೆ? ಅವಳಿಗೆ ಬೇಕನ್ನಿಸ್ದಾಗ ಕೇಳ್ತಾಳೆ” ಎನ್ನುತ್ತಿದ್ದಳು. ಆ ದಿನಕ್ಕಾಗಿಯೇ ಅವಳು ಡಿಸ್ಕುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಘನಕಾರ್ಯ ಕೇಳಿ.

ಕಳೆದ ವರ್ಷ ಅತ್ತೆಯ ಎರಡೂ ಮಂಡಿ ಕೈಕೊಟ್ಟವು. ಆಪರೇಷನ್ ಆಗಬೇಕು, ಆಮೇಲೆ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಪುಟ್ಟಿ ತನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಮಾಡಿದಳು. ಅವಳಿಗೆ ಒಂದು ವಿಮಾ ಕಚೇರಿಯಲ್ಲಿ ಕೆಲಸ, ಗಂಡ, ಐದು ವರ್ಷದ ಮಗಳು. ಕೋಣೆಯಲ್ಲಿ ಮಂಚ, ಒಂದು ಕಪಾಟು, ಗೋಡೆಗೆ ದೊಡ್ಡ ಟಿವಿ. ಅದಕ್ಕೆ ಕೇಬಲ್ ಎಳೆದವನು ನಾನೇ. ಅತ್ತೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಾಗ ನಾವಿಬ್ಬರೂ ಮಹಡಿ ಮನೆ ಖಾಲಿ ಮಾಡಿದೆವು.

“ಭಾವ, ಇಷ್ಟನ್ನೂ ಎಲ್ಲಿಡೋದು? ಅಮ್ಮಂಗೆ ಕಾಲಿಡೋಕೂ ಜಾಗ ಇರಲ್ಲ” ಎಂದಳು ಪುಟ್ಟಿ, ಗೋಡೆಗಳನ್ನು ನೋಡುತ್ತ.

“ಮಾವಂದು ಇಪ್ಪತ್ಮೂರು ಇಟ್ಕೊಂಡ್ರೆ ಸಾಕಲ್ವಾ? ಉಳಿದಿದ್ದು ಹೆಂಗೂ ಎಲ್ಲಾ ಅದರಲ್ಲೇ ಸಿಗುತ್ತೆ” ಎಂದೆ. ಹೌದು, ಹೇಳಿದವನು ನಾನು.

ಇಪ್ಪತ್ತಮೂರು ಚಿತ್ರಗಳ ಪಟ್ಟಿ ಅತ್ತೆಯ ಕೈಬರಹದಲ್ಲೇ ಬೀರುವಿನ ಬಾಗಿಲಿಗೆ ಅಂಟಿಸಿತ್ತು. ಅದನ್ನು ಕೈಯಲ್ಲಿ ಹಿಡಿದು, ಒಂದೊಂದೇ ಹೆಸರು ಓದಿ, ಒಂದೊಂದೇ ಡಬ್ಬಿ ತೆಗೆದು, ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟೆ. ಎರಡು ಸಲ ತಾಳೆ ನೋಡಿದೆ. ಉಳಿದದ್ದಕ್ಕೆ ಗುಜರಿಯವನು ಬಂದ. ಅವನು ಅಲ್ಲೇ ಕೂತು ಡಬ್ಬಿ ಬೇರೆ, ಡಿಸ್ಕು ಬೇರೆ ಮಾಡಿ, ಡಿಸ್ಕುಗಳನ್ನು ಗೋಣಿಚೀಲಕ್ಕೆ ಸುರಿದುಕೊಂಡ. ಮೊದಲು ಹೋದದ್ದು ಯಾರಿಗೂ ಬೇಡದ ಸರಕು: ಹೊಟ್ಟೆ ಕರಗಿಸುವ ವ್ಯಾಯಾಮ, ಕಂಪ್ಯೂಟರ್ ಪಾಠ, ಮಿಕ್ಸಿಯ ಜತೆ ಬಂದ ಪುಕ್ಕಟೆ ಡಿಸ್ಕು. ಇಂಥ ಕಸವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದಳೋ ಎಂದು ನಾನೂ ಪುಟ್ಟಿಯೂ ನಕ್ಕೆವು. ಎಷ್ಟು ಜವಾಬ್ದಾರಿಯಿಂದ ಕೆಲಸ ಮುಗಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅತ್ತೆ ಕೋಲೂರಿಕೊಂಡು ಹೊಸ ಕೋಣೆಗೆ ಬಂದಳು. ಗೋಡೆ ನೋಡಿದಳು, ಕಪಾಟು ನೋಡಿದಳು. ಮಾವನ ಇಪ್ಪತ್ತಮೂರು ಡಿಸ್ಕನ್ನೂ ಎರಡೆರಡು ಸಲ ನೋಡಿ ತೆಗೆದಿಟ್ಟು, ಉಳಿದದ್ದನ್ನು ಗುಜರಿಗೆ ಹಾಕಿದೆವೆಂದು ಅಂಜುತ್ತಲೇ ಹೇಳಿದೆ. ಮುಖ ಸಪ್ಪಗಾಯಿತು, ಆದರೆ ಬೈಯಲಿಲ್ಲ. “ಹೋಗ್ಲಿ ಬಿಡು, ಇಷ್ಟು ಸಣ್ಣ ಕೋಣೇಲಿ ಇನ್ನೇನು ಮಾಡೋಕಾಗುತ್ತೆ. ಅವರದ್ದು ಇದ್ಯಲ್ಲ. ಸ್ಟೇಷನ್ ಮಾಸ್ಟರ್ ಹಾಕು” ಎಂದಳು. ಪುಟ್ಟಿ ಕಚೇರಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ನಾನು ಸೀರೆ ಬಿಚ್ಚಿ ಡಬ್ಬಿ ತೆಗೆದು ಡಿಸ್ಕನ್ನು ಅತ್ತೆಯ ಹಳೆಯ ಪ್ಲೇಯರಿಗೆ ಹಾಕಿದೆ. ಟಿವಿಯಲ್ಲಿ ಹಳದಿ ಬನಿಯನ್ನಿನ ಒಬ್ಬ ದಾಂಡಿಗ “ಈಗ ಮೊಣಕಾಲು ಎದೆಗೆ ತನ್ನಿ” ಎಂದ.

ಅತ್ತೆ ಕೂತಲ್ಲೇ ಕಲ್ಲಾದಳು. “ಡಿಸ್ಕ್ ಆಚೆ ತೆಗ್ದು ನೋಡ್ಲಿಲ್ವಾ? ಉಳಿದ ಡಿಸ್ಕ್ ಎಲ್ಲೋ?”

“ಗುಜರಿಗೆ ಹೋಯ್ತು ಅಂದ್ನಲ್ಲ ಅತ್ತೆ.”

“ವ್ಯಾಯಾಮದ್ದು? ಮಿಕ್ಸೀದು?”

“ಅವೇ ಮೊದ್ಲು ಹೋಗಿದ್ದು.”

ಆಗ ಅವಳು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ನೆಂಟರಿಷ್ಟರೆಲ್ಲ ಬಂದು ಚಿತ್ರ ಕೇಳುತ್ತಿದ್ದರು. ಇಲ್ಲ ಎನ್ನಲು ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಕೊಟ್ಟದ್ದು ಬರುತ್ತಿರಲಿಲ್ಲ, ಬಂದರೂ ಮೈತುಂಬ ಗೀರು. ಅದಕ್ಕೇ ಮಾವನ ಇಪ್ಪತ್ತಮೂರು ಡಿಸ್ಕುಗಳನ್ನೂ ಯಾರೂ ಮುಟ್ಟದ ಡಬ್ಬಿಗಳಿಗೆ ಹಾಕಿ, ಅಲ್ಲಿದ್ದ ಕಸವನ್ನು ಈ ಡಬ್ಬಿಗಳಿಗೆ ತುಂಬಿಬಿಟ್ಟಿದ್ದಳು. “ಸಿನಿಮಾ ಕೊಟ್ರೆ ಆರು ತಿಂಗಳು ಪತ್ತೆ ಇಲ್ಲ. ಹೊಟ್ಟೆ ಕರಗ್ಸೋದು ಕೊಟ್ರೆ ಮಾರನೇ ದಿನಾನೇ ವಾಪಸ್ ತಂದ್ಕೊಡ್ತಾರೆ ಕಣೋ” ಎಂದಳು, ನಗುವೂ ಅಳುವೂ ಅಲ್ಲದ ದನಿಯಲ್ಲಿ. ಯಾವುದು ಎಲ್ಲಿದೆ ಎಂಬುದಕ್ಕೆ ಬರೆದಿಟ್ಟ ಚೀಟಿಯಿಲ್ಲ. ಅದು ಅವಳ ತಲೆಯಲ್ಲಿತ್ತು.

ನನಗೂ ಒಂದು ಸಲ ಹಾಗೇ ಆಗಿತ್ತು. ಹೊಡೆದಾಟದ ಚಿತ್ರ ಒಯ್ದವನಿಗೆ ಡಬ್ಬಿಯೊಳಗೆ ಕಂಪ್ಯೂಟರ್ ಪಾಠ ಸಿಕ್ಕಿತ್ತು. ಅತ್ತೆಗೆ ವಯಸ್ಸಾಯಿತು, ಅದಲುಬದಲು ಮಾಡಿಕೊಂಡಿದ್ದಾಳೆ ಎಂದುಕೊಂಡು ವಾಪಸ್ ಕೊಟ್ಟಿದ್ದೆ. ಮೂವತ್ತೊಂದು ವರ್ಷ ಒಂದು ಫಿಲ್ಮನ್ನೂ ತಪ್ಪು ಕವರಿಗೆ ಹಾಕದ ಹೆಂಗಸು ಅದಲುಬದಲು ಮಾಡುತ್ತಾಳೆಯೇ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಮೂರ್ಖನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು?

ಗುಜರಿ ಅಂಗಡಿಗೆ ಓಡಿದೆ. ಚೀಲಗಳು ಮೂರು ದಿನದ ಹಿಂದೆಯೇ ಪ್ಲಾಸ್ಟಿಕ್ ಪುಡಿ ಮಾಡುವ ಕಾರ್ಖಾನೆಗೆ ಹೋಗಿದ್ದವು. ಅಲ್ಲಿಗೂ ಹೋದೆ. ಹೊಳೆಯುವ ಚೂರುಗಳ ರಾಶಿ ತೋರಿಸಿದ ಅಲ್ಲಿಯ ಮೇಸ್ತ್ರಿ. ಡಿಸ್ಕು ಮಾರುತ್ತಿದ್ದ ಅಂಗಡಿಗಳನ್ನು ಹುಡುಕಿಕೊಂಡು ಊರೆಲ್ಲ ಅಲೆದೆ. ಒಂದರಲ್ಲಿ ಈಗ ಮೊಬೈಲ್ ಕವರು, ಇನ್ನೊಂದರಲ್ಲಿ ಹಲ್ಲಿನ ಕ್ಲಿನಿಕ್ಕು. ಹಳೆಯದನ್ನು ಮಾರುವ ಒಬ್ಬನ ಬಳಿ ಮಾವನ ಒಂದೇ ಒಂದು ಚಿತ್ರ ಸಿಕ್ಕಿತು. ಬೆಳ್ಳಿಯ ಪದರ ಸಿಪ್ಪೆ ಎದ್ದಿತ್ತು. ಪ್ಲೇಯರ್ ಅದನ್ನು ಮೂರು ಸಲ ಒಳಗೆಳೆದುಕೊಂಡು ಮೂರು ಸಲವೂ ಉಗುಳಿತು.

“ಪುಟ್ಟಿಗೆ ಹೇಳ್ಬೇಡ. ಅವಳು ಜೀವಮಾನ ಪೂರ್ತಿ ಕೊರಗ್ತಾಳೆ” ಎಂದು ಅತ್ತೆ ನನ್ನ ಬಾಯಿಗೆ ಬೀಗ ಹಾಕಿದಳು. ಇನ್ನು ಉಳಿದದ್ದು ಗೋಡೆಯ ಮೇಲಿನ ಟಿವಿಯೊಂದೇ. ಎಲ್ಲಾ ಸಿಗುವ ಇಂಟರ್ನೆಟ್ಟಿನ ಆ ಭಂಡಾರದಲ್ಲಿ ಇಪ್ಪತ್ತಮೂರರ ಪೈಕಿ ಆರು ಸಿಕ್ಕವು. ಎರಡರಲ್ಲಿ, ಅವಧಿ ಕಡಿಮೆ ಮಾಡಲು, ಮಾವ ಮಾತಾಡುವ ಭಾಗವನ್ನೇ ಕತ್ತರಿಸಿದ್ದರು. ಸ್ಟೇಷನ್ ಮಾಸ್ಟರನದೂ ಸೇರಿ ಉಳಿದ ನಾಲ್ಕರಲ್ಲಿ ‘ಹೊಸ ಶಬ್ದ, ಸ್ಫುಟ ಚಿತ್ರ’ ಎಂದು ಬರೆದಿತ್ತು. ಚಿತ್ರವೇನೋ ಸ್ಫುಟವೇ. ಆ ಸ್ಟೇಷನ್ ಮಾಸ್ಟರನ ಅಂಗಿಯ ಗುಂಡಿ ಕೂಡ ಎಣಿಸಬಹುದು. ಅವನು ಬಾಯಿ ತೆರೆದ. ಯಾರೋ ಎಳೆಯ, ನಯವಾದ, ಜಾಹೀರಾತಿನ ಗಂಟಲು “ಬರ್ತಾರೆ ಮಗು, ಬಂದೇ ಬರ್ತಾರೆ” ಎಂದಿತು. ಅತ್ತೆ ಕಣ್ಣು ಮುಚ್ಚಿಕೊಂಡಳು.

ನನ್ನ ಪಿತ್ತ ನೆತ್ತಿಗೇರಿತು. ಆ ಚಿತ್ರಗಳನ್ನು ತೋರಿಸುವ ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿದೆ. ಅರ್ಧ ತಾಸು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಬಂದಳು.

“ಹಳೇ ಧ್ವನಿ ಹಾಳಾಗಿದ್ದ ಕಡೆ ಹೊಸದಾಗಿ ಕೊಡ್ಸಿದ್ದೀವಿ ಸರ್. ಈಗ ಇನ್ನೂ ಚೆನ್ನಾಗಿ ಕೇಳ್ಸುತ್ತೆ.”

“ನಾಯಕಂದು ಹಂಗೇ ಇದ್ಯಲ್ಲಮ್ಮ! ಅವಂದು ಮಾತ್ರ ಹಾಳಾಗ್ಲಿಲ್ವಾ?”

“ಮುಖ್ಯ ಕಲಾವಿದರದ್ದು ರಿಪೇರಿ ಮಾಡ್ಸಿರ್ತಾರೆ ಸರ್.”

“ನಂಗೆ ಹಳೇದೇ ಬೇಕು. ಖರೀದಿ ಅಂತ ಗುಂಡಿ ಇಟ್ಟಿದ್ದೀರಲ್ಲ, ಖರೀದಿ ಮಾಡ್ತೀನಿ, ಹಳೇದು ಕೊಡಿ.”

“ಖರೀದಿ ಅಂದ್ರೆ ನೋಡೋಕೆ ಅನುಮತಿ ಸರ್. ನಮ್ಮತ್ರ ಇರೋ ಆವೃತ್ತಿಗೆ ಮಾತ್ರ. ಕತೆ ಅದೇ ಅಲ್ವಾ ಸರ್, ಏನೂ ಬದಲಾಗಿಲ್ಲ.”

ಬಾಯಿಗೆ ಬಂದ ಹಾಗೆ ಬೈದೆ. ಅವಳು “ಇನ್ನೇನಾದ್ರೂ ಸಹಾಯ ಬೇಕಾ ಸರ್” ಎಂದಳು. ಪಾಪ, ಅವಳದ್ದೇನು ತಪ್ಪು, ಅವಳದ್ದೂ ಬಾಡಿಗೆ ಗಂಟಲೇ. ಆದರೆ ಆ ಕಂಪನಿಯ ದೊಡ್ಡ ಕುರ್ಚಿಗಳಲ್ಲಿ ಕೂತು, ಹೆಸರಿದ್ದವನ ಧ್ವನಿ ರಿಪೇರಿಗೆ, ಹೆಸರಿಲ್ಲದವನದು ತಿಪ್ಪೆಗೆ ಎಂದು ತೀರ್ಮಾನಿಸಿದವರಿದ್ದಾರಲ್ಲ, ಅವರ ಮುಖ ನೋಡಬೇಕು ನನಗೆ. ಮನೆಯಲ್ಲಿದ್ದ ಡಿಸ್ಕಿನೊಳಕ್ಕೆ ಬಂದು ಒಂದು ಶಬ್ದ ಬದಲಿಸುವ ತಾಕತ್ತು ಅವರಿಗಿರಲಿಲ್ಲ. ಅದನ್ನು ಎತ್ತಿ ಹೊರಗೆ ಹಾಕಲು ನನ್ನಂಥವನೇ ಬೇಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಪುಟ್ಟಿ ನನ್ನನ್ನು ಮನೆಗೆ ಕರೆದಳು. ಅಮ್ಮ ಮಂಕಾಗಿದ್ದಾಳೆ, ಅವಳಿಗೆ ಖುಷಿಯಾಗಲಿ ಎಂದು ಸ್ಟೇಷನ್ ಮಾಸ್ಟರನ ಚಿತ್ರವನ್ನು ಅದೇ ಗುಂಡಿಯೊತ್ತಿ ಖರೀದಿಸಿದ್ದಳು. “ಡಬ್ಬಿಯಿಂದ ತೆಗೆಯೋದು, ಹಾಕೋದು ಎಲ್ಲಾ ಯಾಕಮ್ಮ, ಇಲ್ಲೇ ಇದೆ” ಎಂದಳು. ಆಮೇಲೆ ತಲೆ ತಗ್ಗಿಸಿ, “ನಾನೂ ಕೂತ್ಕೋತೀನಿ ಇವತ್ತು. ಅಪ್ಪನ ಧ್ವನಿ ಕೇಳ್ಬೇಕು ಅನ್ನಿಸ್ತಿದೆ” ಎಂದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ನಾನು ಅತ್ತೆಯನ್ನು ನೋಡಿದೆ. ಅತ್ತೆ ನನ್ನನ್ನು ನೋಡಲಿಲ್ಲ.

ಬೆಂಚು ಬಂತು, ಹೆಣ್ಣುಮಗು ಬಂತು, ಆ ನಯವಾದ ಗಂಟಲು ಬಂತು. ಪುಟ್ಟಿ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ದಳದಳ ಇಳಿಯಿತು. “ಅಪ್ಪ ಎಷ್ಟು ಮೆತ್ತಗೆ ಮಾತಾಡ್ತಿದ್ರು ಅಲ್ವಾಮ್ಮ? ಇದೇ ಅಲ್ವಾ ಅವರ ಧ್ವನಿ?”

“ಹೂಂ. ಇದೇ” ಎಂದಳು ಅತ್ತೆ.

ಪುಟ್ಟಿ ಮಗಳ ಗಲ್ಲ ಹಿಡಿದು ಟಿವಿ ಕಡೆ ತಿರುಗಿಸಿ, “ಕೇಳು, ನಿಮ್ಮ ತಾತ” ಎಂದಳು.

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿದ್ದ ಪಾತ್ರೆಗಳನ್ನೆಲ್ಲ ನೆಲಕ್ಕೆ ಬಡಿಯಬೇಕೆನ್ನಿಸಿತು. ಅತ್ತೆ ಕೋಲೂರಿಕೊಂಡು ಹಿಂದೆಯೇ ಬಂದಳು.

“ಯಾಕೆ ಹಂಗಂದ್ರಿ? ಯಾವನೋ ದಾರೀಲಿ ಹೋಗೋನ ಧ್ವನೀನ ಅವಳಪ್ಪಂದು ಅಂದ್ರಲ್ಲ!” ಎಂದು ಹಲ್ಲು ಕಚ್ಚಿ ಕೇಳಿದೆ.

“ಮೆಲ್ಲಗೆ ಮಾತಾಡು. ನಂಗೆ ನೆನಪಾದ್ರೂ ಇದೆ. ಅವಳ ಹತ್ರ ಏನಿದೆ? ಇಷ್ಟು ವರ್ಷಕ್ಕೆ ಈಗ ಕೇಳಿದ್ದಾಳೆ. ಇಲ್ಲ ಅನ್ಲಾ? ನೀನೂ ನಿನ್ನ ಭಾವನೂ ಸೇರಿ ಪುಡಿ ಮಾಡ್ಸಿದ್ರಿ ಅಂತ ಅವಳಿಗೆ ಹೇಳ್ಲಾ?”

ನನ್ನ ಕೋಪ ಇಳಿಯಲಿಲ್ಲ. ಅತ್ತೆಯ ಮೇಲೆ ಕೋಪ, ಪುಟ್ಟಿಯ ಮೇಲೆ ಕೋಪ, ನನ್ನ ಏಣಿಯ ಮೇಲೂ ಕೋಪ.

ಅದಾದ ಮೇಲೆ ಪುಟ್ಟಿ ಆ ನಾಲ್ಕು ನಿಮಿಷವನ್ನು ವಾರಕ್ಕೆ ಎರಡು ಸಲವಾದರೂ ಹಾಕುತ್ತಾಳೆ. ಮೊಮ್ಮಗಳಿಗೆ ಮಾತು ಬಾಯಿಪಾಠವಾಗಿದೆ. ಗೊಂಬೆಯನ್ನು ಕೂರಿಸಿಕೊಂಡು “ಬರ್ತಾರೆ ಮಗು” ಎಂದು ಅದೇ ರಾಗದಲ್ಲಿ ಹೇಳುತ್ತಾಳೆ. ಅತ್ತೆ ಪ್ರತಿ ಸಲವೂ ಜತೆಗೆ ಕೂರಬೇಕು, ಹೂಂ ಎನ್ನಬೇಕು.

ಮೊನ್ನೆ ಅವರ ಮನೆಯ ಕೇಬಲ್ ಸಡಿಲಾಗಿದೆ ಎಂದು ಹೋಗಿದ್ದೆ. ಮಧ್ಯಾಹ್ನ, ಅತ್ತೆ ಒಬ್ಬಳೇ ಇದ್ದಳು. ಗೋಡೆಯ ಪಕ್ಕ ಮಂಡಿಯೂರಿ ನಾನು ತಂತಿ ಬಿಗಿಯುತ್ತಿದ್ದೆ. ಅವಳು ಮಂಚದ ಅಂಚಿಗೆ ಸರಿದು ಬಂದಳು.

“ಒಂದು ಮಾತು ಕೇಳ್ತೀನಿ, ನಗಬಾರ್ದು. ಅವರು ‘ಪುಟ್ಟಿ’ ಅನ್ನೋದು ಹೆಂಗಿತ್ತೋ? ನೆನಪು ಮಾಡ್ಕೊಳ್ಳೋಕೆ ಹೋದ್ರೆ ನಂಗೀಗ ಟಿವೀಲಿರೋ ಆ ಹುಡುಗನ ಧ್ವನೀನೇ ಬರುತ್ತೆ. ಎಷ್ಟು ಒದ್ದಾಡಿದ್ರೂ ಅವಂದೇ. ನೀನು ನನ್ನ ಜತೆ ಕೂತು ಅಷ್ಟೊಂದು ಸಲ ಕೇಳಿದ್ಯಲ್ಲ. ಒಂದ್ಸಲ ಅಂದು ತೋರ್ಸು.”

ಸ್ಕ್ರೂಡ್ರೈವರ್ ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ. ಆ ಒರಟನ್ನು, ಆ ಒಡಕನ್ನು ಎಲ್ಲಿಂದಾದರೂ ಎಳೆದು ತರಬೇಕೆಂದು ಕಣ್ಣು ಮುಚ್ಚಿ ಹುಡುಕಿದೆ. ಕೊನೆಗೆ ಧೈರ್ಯ ಮಾಡಿ ಅಂದೆ. ಹೊರಗೆ ಬಂದದ್ದು ನಯವಾದ, ಜಾಹೀರಾತಿನ ದನಿ.

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. “ಸಾಕು ಬಿಡು” ಎಂದಳು.